ನಾಯಿಕೆಮ್ಮಿನ ಲಸಿಕೆ ನ್ಯಾಯಾಲಯದ ಕಟಕಟೆಯಲ್ಲಿ

ಡಿ.ಪಿ.ಟಿ. ಎಂಬ ಮೂರಕ್ಷರ ನಿಮಗೆಲ್ಲ ಪರಿಚಿತ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು – ಈ ಮೂರು ರೋಗಗಳ ವಿರುದ್ಧ ಒಂದೇ ಚುಚ್ಚುಮದ್ದಿನಿಂದ ರಕ್ಷಣೆ ನೀಡುವ ಲಸಿಕೆ ಇದು. ಇದರ ನಡುವಿನ ಅಕ್ಷರ 'ಪಿ', ಅಂದರೆ ಪರ್ಟುಸಿಸ್, ನಾಯಿಕೆಮ್ಮನ್ನು ಸೂಚಿಸುತ್ತದೆ. ಈ ಒಂದು ಅಂಶದ ಮೇಲೆ ಬ್ರಿಟನ್ ಮತ್ತು ಅಮೆರಿಕದಲ್ಲಿ ಹೂಡಲಾದ ದಾವೆಗಳು ಲಸಿಕೆಯ ಇತಿಹಾಸದ ಒಂದು ಮುಖ್ಯ ಅಧ್ಯಾಯ. ಲಸಿಕೆಯಿಂದ ತಮ್ಮ ಮಗುವಿನ ಮಿದುಳಿಗೆ ಹಾನಿಯಾಯಿತು, ಪರಿಹಾರ ಕೊಡಿಸಿ ಎಂದು ತಂದೆತಾಯಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಕೆಲವರಿಗೆ ಹಣ ಸಿಕ್ಕಿತು, ಕೆಲವರಿಗೆ ಸಿಗಲಿಲ್ಲ. ನಿಜವಾದ ಕಾರಣದ ಸುಳಿವು ಸಿಕ್ಕಿದ್ದು ಮಾತ್ರ ಸುಮಾರು ಮೂರು ದಶಕಗಳ ನಂತರ, ಒಂದು ಜೀನಿನಲ್ಲಿ.

ಇದನ್ನು ಓದುವಾಗ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ನೆನಪಿನಲ್ಲಿಡಿ. ಮೊದಲನೆಯದು, ಹಾನಿಗೆ ಕಾರಣ ಲಸಿಕೆಯೇ? ಇದು ವಿಜ್ಞಾನದ ಪ್ರಶ್ನೆ. ಎರಡನೆಯದು, ಹಾನಿಯ ಹೊರೆಯನ್ನು ಯಾರು ಹೊರಬೇಕು? ಇದು ಕಾನೂನಿನ ಪ್ರಶ್ನೆ. ಇವೆರಡೂ ಒಂದೇ ಎಂದು ಭಾವಿಸಿದಾಗಲೆಲ್ಲ ಗೊಂದಲ ಹುಟ್ಟಿದೆ.

ತಪ್ಪಿಲ್ಲದಿದ್ದರೂ ಹೊಣೆ

ಲಸಿಕೆಯಿಂದ ಹಾನಿಯಾಗುವುದೇ ಇಲ್ಲ ಎಂದು ಯಾವ ವಿಜ್ಞಾನಿಯೂ ಹೇಳುವುದಿಲ್ಲ. 1955ರ ಏಪ್ರಿಲ್ 12ರಂದು ಜೋನಾಸ್ ಸಾಲ್ಕ್‌ರ ಪೋಲಿಯೊ ಲಸಿಕೆಗೆ ಅಮೆರಿಕದಲ್ಲಿ ಪರವಾನಗಿ ದೊರೆಯಿತು. ಫಾರ್ಮಾಲ್ಡಿಹೈಡ್ ಬಳಸಿ ವೈರಸ್ಸನ್ನು ನಿಷ್ಕ್ರಿಯಗೊಳಿಸಿ ತಯಾರಿಸುವ ಲಸಿಕೆ ಅದು. ಕ್ಯಾಲಿಫೋರ್ನಿಯದ ಕಟ್ಟರ್ ಪ್ರಯೋಗಶಾಲೆ ತಯಾರಿಸಿದ ಕೆಲವು ತಂಡಗಳಲ್ಲಿ ಜೀವಂತ ವೈರಸ್ ಉಳಿದುಬಿಟ್ಟಿತ್ತು. ಎರಡೇ ವಾರಗಳಲ್ಲಿ ಆ ಲಸಿಕೆಯನ್ನು ಹಿಂದಕ್ಕೆ ಪಡೆಯಲಾಯಿತು. ಅಷ್ಟರಲ್ಲಿ ಅನಾಹುತ ನಡೆದುಹೋಗಿತ್ತು. ಆ ಲಸಿಕೆಯಿಂದಲೂ, ಅದನ್ನು ಪಡೆದವರಿಂದ ಹರಡಿದ ಸೋಂಕಿನಿಂದಲೂ ಸುಮಾರು 200 ಮಂದಿಗೆ ಪಾರ್ಶ್ವವಾಯು ಬಡಿಯಿತು, 10 ಮಂದಿ ಸತ್ತರು.

1958ರಲ್ಲಿ ಈ ಸಂಬಂಧದ ಮೊಕದ್ದಮೆ ಜ್ಯೂರಿಯ ಮುಂದೆ ಬಂತು. ಜ್ಯೂರಿ ಕೊಟ್ಟ ತೀರ್ಮಾನ ಕುತೂಹಲಕಾರಿ. ಕಂಪನಿ ನಿರ್ಲಕ್ಷ್ಯ ತೋರಿಲ್ಲ, ಅಂದಿನ ತಿಳಿವಳಿಕೆಗೆ ತಕ್ಕಂತೆ ನಡೆದುಕೊಂಡಿದೆ. ಆದರೂ ಸುರಕ್ಷಿತವೆಂಬ ಭರವಸೆಯಲ್ಲಿ ಮಾರಿದ ವಸ್ತು ಹಾನಿ ಮಾಡಿರುವುದರಿಂದ ಪರಿಹಾರ ಕೊಡಬೇಕು! ತಪ್ಪಿಲ್ಲದಿದ್ದರೂ ಹೊಣೆಯುಂಟು ಎಂಬ ಈ ತತ್ತ್ವ ಮುಂದಿನ ಎಲ್ಲ ಲಸಿಕೆ ದಾವೆಗಳಿಗೂ ಬುನಾದಿಯಾಯಿತು.

ಕಟ್ಟರ್ ಪ್ರಕರಣದಲ್ಲಿ ಕಾರಣದ ಬಗ್ಗೆ ಅನುಮಾನವಿರಲಿಲ್ಲ. ಲಸಿಕೆಯಲ್ಲಿ ಜೀವಂತ ವೈರಸ್ ಇತ್ತು, ಮಕ್ಕಳಿಗೆ ಪೋಲಿಯೊ ಬಂತು. ನಾಯಿಕೆಮ್ಮಿನ ಲಸಿಕೆಯ ವಿಷಯ ಹೀಗೆ ಸರಳವಾಗಿರಲಿಲ್ಲ.

ಮೂವತ್ತಾರು ಮಕ್ಕಳು

ನಾಯಿಕೆಮ್ಮಿಗೆ ಕಾರಣವಾದ ಬ್ಯಾಕ್ಟೀರಿಯವನ್ನು ಬೋರ್ಡೆ ಮತ್ತು ಜಾಂಗು 1906ರಲ್ಲಿ ಪ್ರತ್ಯೇಕಿಸಿದರು. 1930ರ ದಶಕದಲ್ಲಿ ಅಮೆರಿಕದ ಪರ್ಲ್ ಕೆಂಡ್ರಿಕ್ ಮತ್ತು ಗ್ರೇಸ್ ಎಲ್ಡರಿಂಗ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು ಇದರ ವಿರುದ್ಧ ಪರಿಣಾಮಕಾರಿ ಲಸಿಕೆಯನ್ನು ರೂಪಿಸಿದರು. ಕೊಲ್ಲಲಾದ ಇಡೀ ಬ್ಯಾಕ್ಟೀರಿಯವೇ ಇದರಲ್ಲಿರುವುದರಿಂದ ಇದನ್ನು 'ಪೂರ್ಣಕೋಶ ಲಸಿಕೆ' ಎನ್ನುತ್ತಾರೆ. ಇದರ ಬಳಕೆಯಿಂದ ನಾಯಿಕೆಮ್ಮಿನ ಸಾವುಗಳು ಬಹುಮಟ್ಟಿಗೆ ಇಳಿದವು. ಆದರೆ ಇದು ಸೌಮ್ಯ ಲಸಿಕೆಯಲ್ಲ. ಚುಚ್ಚಿದ ಜಾಗ ಊದಿಕೊಳ್ಳುವುದು, ಜ್ವರ, ಮಗುವಿನ ನಿಲ್ಲದ ಅಳು ಸಾಮಾನ್ಯ. ಅಪರೂಪಕ್ಕೆ ಜ್ವರದೊಂದಿಗೆ ಸೆಳವೂ ಬರುವುದುಂಟು.

1974ರಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ವೈದ್ಯರು ಒಂದು ಪ್ರಬಂಧವನ್ನು ಪ್ರಕಟಿಸಿದರು. ಲಸಿಕೆಯ ನಂತರ ನರಸಂಬಂಧಿ ತೊಂದರೆಗೆ ಒಳಗಾಗಿದ್ದಾರೆಂದು ಭಾವಿಸಲಾದ 36 ಮಕ್ಕಳ ವಿವರ ಅದರಲ್ಲಿತ್ತು. ಲಸಿಕೆ ಪಡೆಯದ ಮಕ್ಕಳೊಂದಿಗೆ ಹೋಲಿಕೆ ಇರಲಿಲ್ಲ. ಆದರೂ ಸುದ್ದಿ ಹಬ್ಬಿತು. ಬ್ರಿಟನ್ನಿನಲ್ಲಿ ಸುಮಾರು ಶೇ. 80ರಷ್ಟಿದ್ದ ಲಸಿಕೆಯ ಪ್ರಮಾಣ ಕೆಲವೇ ವರ್ಷಗಳಲ್ಲಿ ಶೇ. 30ರ ಆಸುಪಾಸಿಗೆ ಕುಸಿಯಿತು. 1977–79ರಲ್ಲಿ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿಗೆ ನಾಯಿಕೆಮ್ಮು ತಗುಲಿತು. ಜಪಾನಿನಲ್ಲೂ ಹೀಗೆಯೇ ಆಯಿತು. 1974–75ರ ಚಳಿಗಾಲದಲ್ಲಿ ಲಸಿಕೆಯ ನಂತರ ಸಂಭವಿಸಿದ ಎರಡು ಸಾವುಗಳಿಂದ ಲಸಿಕೆ ಕಾರ್ಯಕ್ರಮವನ್ನೇ ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. 1979ರಲ್ಲಿ ಅಲ್ಲಿ 13,000ಕ್ಕೂ ಹೆಚ್ಚು ಮಂದಿಗೆ ನಾಯಿಕೆಮ್ಮು ಬಂದು 41 ಮಂದಿ ಸತ್ತರು.

ಬ್ರಿಟನ್ನಿನಲ್ಲಿ ಪೋಷಕರು ಸಂಘ ಕಟ್ಟಿ ಹೋರಾಡಿದರು. ಇದರ ಫಲವಾಗಿ 1979ರಲ್ಲಿ 'ಲಸಿಕೆ ಹಾನಿ ಪಾವತಿ ಕಾಯಿದೆ' ಜಾರಿಗೆ ಬಂತು. ಲಸಿಕೆಯಿಂದ ಶೇ. 80ರಷ್ಟು ಅಂಗವೈಕಲ್ಯ ಉಂಟಾಗಿರುವ ಸಂಭವವೇ ಹೆಚ್ಚು ಎಂದು ಕಂಡುಬಂದರೆ ಸರ್ಕಾರ 10,000 ಪೌಂಡ್ ಕೊಡುತ್ತಿತ್ತು. 2002ರಲ್ಲಿ ಅಂಗವೈಕಲ್ಯದ ಮಿತಿಯನ್ನು ಶೇ. 60ಕ್ಕೆ ಇಳಿಸಲಾಯಿತು. 2007ರಲ್ಲಿ ಮೊತ್ತವನ್ನು 1,20,000 ಪೌಂಡಿಗೆ ಏರಿಸಲಾಯಿತು.

ಕಾಗೆ ಮತ್ತು ಕೊಂಬೆ

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆ ನಮ್ಮಲ್ಲಿದೆ. ಕಾಗೆಯ ಭಾರಕ್ಕೆ ಕೊಂಬೆ ಮುರಿಯಿತೋ, ಮುರಿಯಲಿದ್ದ ಕೊಂಬೆಯ ಮೇಲೆ ಕಾಗೆ ಕೂತಿತೋ? ಒಂದು ಘಟನೆಯನ್ನು ನೋಡಿ ಇದನ್ನು ಹೇಳಲಾಗದು. ಎಷ್ಟು ಕೊಂಬೆಗಳ ಮೇಲೆ ಕಾಗೆ ಕೂತಿತು, ಅವುಗಳಲ್ಲಿ ಎಷ್ಟು ಮುರಿದವು, ಕಾಗೆ ಕೂರದ ಕೊಂಬೆಗಳಲ್ಲಿ ಎಷ್ಟು ಮುರಿದವು ಎಂದು ಲೆಕ್ಕ ಹಾಕಬೇಕು.

ನೀವೇ ಒಂದು ಸರಳ ಲೆಕ್ಕ ಮಾಡಿ ನೋಡಿ. ಮಗುವಿಗೆ ಮೊದಲ ಆರು ತಿಂಗಳಲ್ಲಿ ಮೂರು ಬಾರಿ ಲಸಿಕೆ ಹಾಕುತ್ತೇವೆ ಎಂದುಕೊಳ್ಳಿ. ಪ್ರತಿ ಲಸಿಕೆಯ ನಂತರದ ಮೂರು ದಿನಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಒಟ್ಟು 9 ದಿನಗಳಾದವು. ಆರು ತಿಂಗಳಿಗೆ ಸುಮಾರು 180 ದಿನಗಳು. ಲಸಿಕೆಗೆ ಏನೂ ಸಂಬಂಧವಿಲ್ಲದ ಕಾಯಿಲೆಯೊಂದು ಈ ಅವಧಿಯ ಯಾವ ದಿನ ಬೇಕಾದರೂ ಸಮಾನ ಸಂಭವದಿಂದ ಕಾಣಿಸಿಕೊಳ್ಳುತ್ತದೆ ಎಂದಾದರೆ, ಅಂಥ ಇಪ್ಪತ್ತು ಮಕ್ಕಳಲ್ಲಿ ಒಂದು ಮಗುವಿಗೆ ಅದು ಲಸಿಕೆಯ ಮೂರು ದಿನಗಳ ಒಳಗೇ ಕಾಣಿಸುತ್ತದೆ. ದೇಶದ ಎಲ್ಲ ಶಿಶುಗಳಿಗೂ ಲಸಿಕೆ ಹಾಕುವಾಗ ಇಂಥ ಕಾಕತಾಳೀಯ ಘಟನೆಗಳು ಪ್ರತಿವರ್ಷ ನಡೆದೇ ನಡೆಯುತ್ತವೆ. ಪ್ರತಿಯೊಂದು ಘಟನೆಯ ಹಿಂದೆಯೂ ಒಂದು ಕುಟುಂಬವಿರುತ್ತದೆ. ನಿನ್ನೆಯವರೆಗೆ ಚೆನ್ನಾಗಿದ್ದ ಮಗು ಲಸಿಕೆ ಹಾಕಿಸಿದ ರಾತ್ರಿ ಸೆಳವಿಗೆ ಒಳಗಾದರೆ, ತಾಯಿಗೆ ಬೇರೆ ಯಾವ ಕಾರಣ ತಾನೇ ಹೊಳೆದೀತು?

ಕಾಗೆ–ಕೊಂಬೆಯ ಲೆಕ್ಕವನ್ನು ಹಾಕಲೆಂದೇ ಬ್ರಿಟನ್ನಿನಲ್ಲಿ 1976ರಿಂದ 1979ರವರೆಗೆ ರಾಷ್ಟ್ರವ್ಯಾಪಿ ಅಧ್ಯಯನ ನಡೆಯಿತು. ಮಿದುಳಿನ ತೀವ್ರ ತೊಂದರೆಯಿಂದ ಆಸ್ಪತ್ರೆ ಸೇರಿದ ಮಕ್ಕಳನ್ನು ಅದೇ ವಯಸ್ಸಿನ ಆರೋಗ್ಯವಂತ ಮಕ್ಕಳೊಂದಿಗೆ ಹೋಲಿಸಲಾಯಿತು. ಶಾಶ್ವತ ಹಾನಿಯ ಅಪಾಯ ಸುಮಾರು 3,10,000 ಡೋಸ್‌ಗಳಿಗೆ ಒಂದು ಎಂದು 1981ರಲ್ಲಿ ಅಂದಾಜು ಹೊರಬಂತು. ಅಪಾಯ ಅತಿ ಸಣ್ಣದು. ಆದರೆ ಅದು ಸೊನ್ನೆಯಲ್ಲ ಎಂಬುದೇ ದಾವೆ ಹೂಡಿದವರಿಗೆ ಆಧಾರವಾಯಿತು.

1988ರ ಮಾರ್ಚ್‌ನಲ್ಲಿ ಲಂಡನ್ನಿನ ಹೈಕೋರ್ಟ್ ಇದನ್ನು ಒರೆಗೆ ಹಚ್ಚಿತು. ನ್ಯಾಯಮೂರ್ತಿ ಸ್ಟುವರ್ಟ್-ಸ್ಮಿತ್ ಅಧ್ಯಯನದ ಸಾರಾಂಶವನ್ನು ಓದಿ ಸುಮ್ಮನಾಗಲಿಲ್ಲ. ಆ ಅಂದಾಜು ಬೆರಳೆಣಿಕೆಯ ಮಕ್ಕಳ ಮೇಲೆ ನಿಂತಿತ್ತು. ಮೂಲ ದಾಖಲೆಗಳನ್ನು ಪರಿಶೀಲಿಸಿದಾಗ ಅವರಲ್ಲೂ ಕೆಲವರಿಗೆ ಬೇರೆ ಕಾಯಿಲೆ ಇದ್ದುದು ಕಂಡುಬಂತು. ಈ ಲಸಿಕೆ ಚಿಕ್ಕ ಮಕ್ಕಳ ಮಿದುಳಿಗೆ ಶಾಶ್ವತ ಹಾನಿ ಮಾಡಬಲ್ಲದು ಎಂಬುದು ಸಂಭವನೀಯತೆಯ ತಕ್ಕಡಿಯಲ್ಲಿ ಸಾಬೀತಾಗಿಲ್ಲ ಎಂದು ಅವರು ತೀರ್ಪಿತ್ತರು. ಗಮನಿಸಿ, 'ಹಾನಿ ಮಾಡುವುದಿಲ್ಲ' ಎಂದು ಅವರು ಹೇಳಲಿಲ್ಲ, 'ಸಾಬೀತಾಗಿಲ್ಲ' ಎಂದರು. ಈ ಎರಡು ಮಾತುಗಳ ಅಂತರ ವಿಜ್ಞಾನದ ವಿದ್ಯಾರ್ಥಿಗಳಿಗೆ ಗೊತ್ತಿರಬೇಕಾದದ್ದು.

ಅಮೆರಿಕದ ಬಿಕ್ಕಟ್ಟು

ಅಮೆರಿಕದಲ್ಲಿ ಕಥೆ ಬೇರೆ ದಾರಿ ಹಿಡಿಯಿತು. 1982ರಲ್ಲಿ ಡಿ.ಪಿ.ಟಿ.ಯ ಅಪಾಯಗಳ ಬಗ್ಗೆ ದೂರದರ್ಶನ ವಾಹಿನಿಯೊಂದು ಪ್ರಸಾರ ಮಾಡಿದ ಸಾಕ್ಷ್ಯಚಿತ್ರ ಜನರಲ್ಲಿ ಕಳವಳ ಎಬ್ಬಿಸಿತು. 1978ರಿಂದ 1981ರವರೆಗೆ ತಯಾರಕರ ಮೇಲೆ ಹೂಡಲಾದ ದಾವೆಗಳು ಒಟ್ಟು ಒಂಬತ್ತು. 1980ರ ದಶಕದ ನಡುವಿನ ಹೊತ್ತಿಗೆ ಅವು ವರ್ಷಕ್ಕೆ 200ನ್ನು ದಾಟಿದವು. ಪ್ರತಿ ಮೊಕದ್ದಮೆಯಲ್ಲೂ ಬೇರೆ ಜ್ಯೂರಿ, ಬೇರೆ ತಜ್ಞರು, ಬೇರೆ ತೀರ್ಮಾನ. ದೇಶದ ಮೂವರು ತಯಾರಕರಲ್ಲಿ ಇಬ್ಬರು ಮಾರುಕಟ್ಟೆಯಿಂದ ಹಿಂದೆ ಸರಿದರು. ಉಳಿದ ಲೆಡರ್ಲೆ ಕಂಪನಿ, ತಾನು ತೆರಬೇಕಾಗಬಹುದಾದ ಪರಿಹಾರ ಲಸಿಕೆಯ ವಾರ್ಷಿಕ ಮಾರಾಟದ 200 ಪಟ್ಟು ಎಂದು ಅಂದಾಜು ಮಾಡಿತು. 1984ರಲ್ಲಿ ಲಸಿಕೆಯ ಕೊರತೆಯೇ ಉಂಟಾಯಿತು.

ಇತ್ತ ಪೋಷಕರ ಪಾಡೂ ಚೆನ್ನಾಗಿರಲಿಲ್ಲ. ಮೊಕದ್ದಮೆ ವರ್ಷಗಟ್ಟಲೆ ನಡೆಯುತ್ತಿತ್ತು. ಗೆದ್ದವರಿಗೆ ಅಪಾರ ಹಣ, ಸೋತವರಿಗೆ ಬರಿಗೈ. ಎರಡು ಮಕ್ಕಳ ಸ್ಥಿತಿ ಒಂದೇ ಆಗಿದ್ದರೂ ಫಲ ಬೇರೆ ಬೇರೆಯಾಗುತ್ತಿತ್ತು. ಹೀಗಾಗಿ ಪೋಷಕರು, ವೈದ್ಯರು, ತಯಾರಕರು ಮೂವರಿಗೂ ಬದಲಾವಣೆ ಬೇಕಾಗಿತ್ತು.

1986ರಲ್ಲಿ ಅಮೆರಿಕದ ಸಂಸತ್ತು 'ರಾಷ್ಟ್ರೀಯ ಬಾಲ್ಯ ಲಸಿಕೆ ಹಾನಿ ಕಾಯಿದೆ'ಯನ್ನು ಅಂಗೀಕರಿಸಿತು. 1988ರ ಅಕ್ಟೋಬರ್ 1ರಿಂದ ಪರಿಹಾರ ಯೋಜನೆ ಆರಂಭವಾಯಿತು. ತಯಾರಕರ ತಪ್ಪನ್ನು ಇಲ್ಲಿ ಸಾಬೀತು ಮಾಡಬೇಕಾಗಿಲ್ಲ. ಪ್ರತಿ ಡೋಸ್‌ನ ಮೇಲೆ, ಅದು ತಡೆಯುವ ಒಂದೊಂದು ರೋಗಕ್ಕೆ 75 ಸೆಂಟ್‌ನಂತೆ ವಿಧಿಸುವ ಸುಂಕದಿಂದ ಪರಿಹಾರ ನಿಧಿ ಬೆಳೆಯುತ್ತದೆ. ಡಿ.ಪಿ.ಟಿ. ಮಾದರಿಯ ಲಸಿಕೆ ಮೂರು ರೋಗಗಳನ್ನು ತಡೆಯುವುದರಿಂದ ಅದರ ಸುಂಕ 2.25 ಡಾಲರ್. ಅಂದರೆ, ಲಸಿಕೆಯ ಲಾಭ ಪಡೆಯುವ ಎಲ್ಲರೂ ಸೇರಿ, ಹಾನಿಗೊಳಗಾದ ಕೆಲವರ ಹೊರೆಯನ್ನು ಹಂಚಿಕೊಳ್ಳುತ್ತಾರೆ.

ಒಂದು ಕ್ಲೇಮು ಇತ್ಯರ್ಥವಾಗುವ ಬಗೆ

ಈ ವ್ಯವಸ್ಥೆಯಲ್ಲಿ ಅರ್ಜಿಯೊಂದು ಹೇಗೆ ಸಾಗುತ್ತದೆ ಎಂಬುದನ್ನು ನೋಡೋಣ. ರೋಗಲಕ್ಷಣ ಮೊದಲು ಕಂಡ ಮೂರು ವರ್ಷಗಳ ಒಳಗೆ ಅರ್ಜಿ ಸಲ್ಲಿಸಬೇಕು. ಅರ್ಜಿ ಹೋಗುವುದು ವಾಷಿಂಗ್ಟನ್ನಿನ ಫೆಡರಲ್ ಕ್ಲೇಮುಗಳ ನ್ಯಾಯಾಲಯಕ್ಕೆ. ಅಲ್ಲಿ ಜ್ಯೂರಿ ಇಲ್ಲ. 'ವಿಶೇಷ ಮಾಸ್ಟರ್' ಎಂಬ ನ್ಯಾಯಾಧಿಕಾರಿಗಳು ವಿಚಾರಣೆ ನಡೆಸುತ್ತಾರೆ. ಪ್ರತಿವಾದಿ ಲಸಿಕೆಯ ಕಂಪನಿಯಲ್ಲ, ಸರ್ಕಾರದ ಆರೋಗ್ಯ ಇಲಾಖೆ. ಅದರ ವೈದ್ಯರು ದಾಖಲೆಗಳನ್ನು ಪರಿಶೀಲಿಸುತ್ತಾರೆ, ನ್ಯಾಯ ಇಲಾಖೆಯ ವಕೀಲರು ವಾದಿಸುತ್ತಾರೆ. ಸದುದ್ದೇಶದ, ತಕ್ಕ ಆಧಾರವಿರುವ ಅರ್ಜಿಯಾದರೆ ಸೋತರೂ ವಕೀಲರ ಶುಲ್ಕವನ್ನು ನಿಧಿಯಿಂದಲೇ ಕೊಡುವುದು ಇದರ ವೈಶಿಷ್ಟ್ಯ.

ಅರ್ಜಿದಾರರ ಮುಂದೆ ಎರಡು ದಾರಿಗಳಿವೆ. ಕಾಯಿದೆಯ ಜೊತೆಗೆ ಒಂದು ಕೋಷ್ಟಕವಿದೆ. ಯಾವ ಲಸಿಕೆ, ಯಾವ ತೊಂದರೆ, ಎಷ್ಟು ಸಮಯದೊಳಗೆ ಎಂಬುದು ಅದರಲ್ಲಿ ನಮೂದಾಗಿದೆ. ತೊಂದರೆ ಈ ಕೋಷ್ಟಕಕ್ಕೆ ಹೊಂದಿಕೊಂಡರೆ ಕಾರಣ ಲಸಿಕೆಯೇ ಎಂದು ಕಾನೂನು ಭಾವಿಸಿಕೊಳ್ಳುತ್ತದೆ. ಬೇರೆ ಕಾರಣವಿದ್ದರೆ ಅದನ್ನು ಸಾಬೀತು ಮಾಡುವ ಹೊಣೆ ಸರ್ಕಾರದ್ದು. ಮೂಲ ಕೋಷ್ಟಕದಲ್ಲಿ ಡಿ.ಪಿ.ಟಿ. ಪಡೆದ ಮೂರು ದಿನಗಳೊಳಗೆ ಕಾಣಿಸಿಕೊಳ್ಳುವ ಮಿದುಳಿನ ತೊಂದರೆ ಮತ್ತು ಮರುಕಳಿಸುವ ಸೆಳವುಗಳು ಸೇರಿದ್ದವು. ಕೋಷ್ಟಕದಲ್ಲಿಲ್ಲದ ತೊಂದರೆಯಾದರೆ ಅರ್ಜಿದಾರರೇ ಕಾರಣವನ್ನು ತೋರಿಸಬೇಕು. ಮೇಲ್ಮನವಿ ನ್ಯಾಯಾಲಯ 2005ರಲ್ಲಿ ಇದಕ್ಕೆ ಮೂರು ಮೆಟ್ಟಿಲುಗಳನ್ನು ಗುರುತಿಸಿತು. ಒಪ್ಪಬಹುದಾದ ವೈದ್ಯಕೀಯ ಸಿದ್ಧಾಂತ, ಕಾರಣದಿಂದ ಪರಿಣಾಮಕ್ಕೆ ತರ್ಕಬದ್ಧ ಸರಣಿ, ಇವೆರಡಕ್ಕೂ ಹೊಂದುವ ಕಾಲಾಂತರ. ಇದಕ್ಕೆ ಬೇಕಾದ ರುಜುವಾತಿನ ಮಟ್ಟ ಅರ್ಧಕ್ಕಿಂತ ಕೂದಲೆಳೆಯಷ್ಟು ಹೆಚ್ಚಾದರೆ ಸಾಕು.

ವಿಜ್ಞಾನಿಗಳು ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಟ್ಟ ಇದಕ್ಕಿಂತ ಬಹಳ ಎತ್ತರದ್ದು. ಇದು ಕಾನೂನಿನ ದೌರ್ಬಲ್ಯವಲ್ಲ. ವಿಜ್ಞಾನ ಹತ್ತು ವರ್ಷ ಕಾಯಬಲ್ಲದು, ಮಗುವಿನ ಚಿಕಿತ್ಸೆ ಕಾಯಲಾರದು. ಅಲ್ಲದೆ ಅನೇಕ ಅರ್ಜಿಗಳಲ್ಲಿ ಪೂರ್ಣ ವಿಚಾರಣೆಯೇ ನಡೆಯುವುದಿಲ್ಲ. ಎರಡೂ ಪಕ್ಷಗಳು ಮಾತುಕತೆಯಿಂದ ಒಂದು ಮೊತ್ತಕ್ಕೆ ಒಪ್ಪಿ ರಾಜಿಯಾಗುತ್ತವೆ. ಪರಿಹಾರ ದೊರೆತ ಪ್ರಕರಣಗಳಲ್ಲಿ ಸುಮಾರು ಶೇ. 60 ಇಂಥವು. ಇಂಥ ರಾಜಿಯಲ್ಲಿ ಲಸಿಕೆಯೇ ಕಾರಣವೆಂದು ಆರೋಗ್ಯ ಇಲಾಖೆ ತೀರ್ಮಾನಿಸಿರುವುದಿಲ್ಲ. ಸೋಲಿನ ಭಯ, ಕಾಲದ ಉಳಿತಾಯ, ವೆಚ್ಚ – ಇವೆಲ್ಲ ರಾಜಿಗೆ ಕಾರಣಗಳು. ಆದ್ದರಿಂದ 'ಲಸಿಕೆ ಹಾನಿಗೆ ಕೋಟಿಗಟ್ಟಲೆ ಪರಿಹಾರ' ಎಂಬ ತಲೆಬರಹ ಕಂಡಾಗ ನೀವು ಕೇಳಬೇಕಾದ ಪ್ರಶ್ನೆ ಇದು: ಪರಿಹಾರ ಬಂದದ್ದು ಕೋಷ್ಟಕದಿಂದಲೋ, ತೀರ್ಪಿನಿಂದಲೋ, ರಾಜಿಯಿಂದಲೋ?

ಜೀನು ಹೇಳಿದ ಸಾಕ್ಷಿ

ಫ್ರಾನ್ಸಿನ ವೈದ್ಯೆ ಷಾರ್ಲೊಟ್ ಡ್ರಾವೆ 1978ರಲ್ಲಿ ಮಕ್ಕಳ ಒಂದು ತೀವ್ರ ಅಪಸ್ಮಾರವನ್ನು ವಿವರಿಸಿದ್ದರು. ಚೆನ್ನಾಗಿ ಬೆಳೆಯುತ್ತಿದ್ದ ಮಗುವಿಗೆ ಮೊದಲ ವರ್ಷದಲ್ಲಿ, ಹೆಚ್ಚಾಗಿ ಜ್ವರ ಬಂದಾಗ, ದೀರ್ಘ ಸೆಳವು ಬರುತ್ತದೆ. ಮುಂದೆ ಸೆಳವುಗಳು ಮರುಕಳಿಸಿ ಬೆಳವಣಿಗೆ ಕುಂಠಿತವಾಗುತ್ತದೆ. ಲಸಿಕೆಯ ದಾವೆಗಳಲ್ಲಿ ವರ್ಣಿತವಾದ ಅನೇಕ ಮಕ್ಕಳ ಸ್ಥಿತಿಯೂ ಹೀಗೆಯೇ ಇತ್ತು! 2001ರಲ್ಲಿ ಬೆಲ್ಜಿಯಂ ವಿಜ್ಞಾನಿಗಳು ಈ ರೋಗಕ್ಕೆ ಎಸ್‌ಸಿಎನ್1ಎ ಎಂಬ ಜೀನಿನ ದೋಷ ಕಾರಣವೆಂದು ತೋರಿಸಿದರು. ನರಕೋಶಗಳ ಪೊರೆಯಲ್ಲಿ ಸೋಡಿಯಂ ಅಯಾನುಗಳು ಹಾದುಹೋಗುವ ಕಾಲುವೆಯನ್ನು ರೂಪಿಸುವ ಜೀನ್ ಇದು. ಮಿದುಳಿನ ಉದ್ರೇಕವನ್ನು ಹತೋಟಿಯಲ್ಲಿಡುವ ನರಕೋಶಗಳಲ್ಲಿ ಈ ಕಾಲುವೆ ಕೆಟ್ಟರೆ ಕಡಿವಾಣ ತಪ್ಪಿ ಸೆಳವು ಉಂಟಾಗುತ್ತದೆ.

2006ರಲ್ಲಿ ಆಸ್ಟ್ರೇಲಿಯದ ಸ್ಯಾಮುಯೆಲ್ ಬೆರ್ಕೋವಿಕ್, ಇಂಗ್ರಿಡ್ ಷೆಫರ್ ಮತ್ತು ಸಂಗಡಿಗರು ಒಂದು ಸಣ್ಣ, ಆದರೆ ಮಹತ್ತ್ವದ ಅಧ್ಯಯನವನ್ನು ಪ್ರಕಟಿಸಿದರು. ಲಸಿಕೆಯಿಂದ ಮಿದುಳಿನ ಹಾನಿಯಾಗಿದೆ ಎಂದು ಭಾವಿಸಲಾಗಿದ್ದ 14 ರೋಗಿಗಳಲ್ಲಿ 11 ಮಂದಿಗೆ ಎಸ್‌ಸಿಎನ್1ಎ ಜೀನಿನಲ್ಲಿ ದೋಷವಿತ್ತು. ಇಂಥ ಉತ್ಪರಿವರ್ತನೆ ಬಹುಪಾಲು ಮಗುವಿನಲ್ಲೇ ಹೊಸದಾಗಿ ಹುಟ್ಟುವಂಥದು. ತಂದೆತಾಯಿಯರಲ್ಲಿ ಇರುವುದಿಲ್ಲ. ಹೀಗಾಗಿ ಕುಟುಂಬದ ಚರಿತ್ರೆಯಲ್ಲಿ ಸುಳಿವು ಸಿಕ್ಕಿರಲಿಲ್ಲ. 2010ರ ಇನ್ನೊಂದು ಅಧ್ಯಯನದಲ್ಲಿ ಡ್ರಾವೆ ರೋಗದ ಮಕ್ಕಳನ್ನು ಎರಡು ಗುಂಪು ಮಾಡಲಾಯಿತು. ಲಸಿಕೆಯ ಬೆನ್ನಿಗೇ ಮೊದಲ ಸೆಳವು ಬಂದವರು ಒಂದು ಗುಂಪು, ಹಾಗಲ್ಲದವರು ಇನ್ನೊಂದು. ಮೊದಲ ಗುಂಪಿನಲ್ಲಿ ಸೆಳವು ಕೆಲವು ವಾರ ಮುಂಚೆ ಆರಂಭವಾಗಿತ್ತು. ಆದರೆ ರೋಗದ ಮುಂದಿನ ಹಾದಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಲಸಿಕೆಯ ಜ್ವರ ಮೊದಲ ಸೆಳವಿಗೆ ನೆಪವಾಗಬಹುದು, ರೋಗಕ್ಕೆ ಕಾರಣವಲ್ಲ ಎಂಬುದು ಇದರ ತಾತ್ಪರ್ಯ. ತಾಯಿ ಕಂಡದ್ದು ಸುಳ್ಳಾಗಿರಲಿಲ್ಲ. ಕೊಂಬೆ ಮೊದಲೇ ಬಿರುಕು ಬಿಟ್ಟಿತ್ತು, ಅಷ್ಟೆ.

ಇದರ ಪರಿಣಾಮ ನ್ಯಾಯಾಲಯದಲ್ಲೂ ಕಂಡಿತು. 1995ರಲ್ಲೇ ಕೋಷ್ಟಕದಿಂದ ಮರುಕಳಿಸುವ ಸೆಳವುಗಳನ್ನು ತೆಗೆದು, ಮಿದುಳಿನ ತೊಂದರೆಯ ವ್ಯಾಖ್ಯೆಯನ್ನು ಬಿಗಿಗೊಳಿಸಲಾಗಿತ್ತು. ಜೀನ್ ದೋಷವೇ ರೋಗದ ಕಾರಣವೆಂದು ಕಂಡುಬಂದ ಪ್ರಕರಣಗಳಲ್ಲಿ ಪರಿಹಾರ ನಿರಾಕರಿಸಿದ್ದನ್ನು 2012ರಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಅದಕ್ಕೆ ಹಿಂದಿನ ವರ್ಷವೇ, ಡಿ.ಪಿ.ಟಿ. ಸಂಬಂಧದ ಇನ್ನೊಂದು ಪ್ರಕರಣದಲ್ಲಿ, ಲಸಿಕೆಯ ವಿನ್ಯಾಸ ದೋಷದ ಹೆಸರಿನಲ್ಲಿ ತಯಾರಕರ ಮೇಲೆ ದಾವೆ ಹೂಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತ್ತು.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿ. ಒಂದೇ ರೋಗದ ಎರಡು ಮಕ್ಕಳು. 1990ರಲ್ಲಿ ಒಂದು ಕುಟುಂಬಕ್ಕೆ ಕೋಷ್ಟಕದ ಬಲದಿಂದ ಪರಿಹಾರ ದೊರೆಯಬಹುದಾಗಿತ್ತು. 2012ರಲ್ಲಿ ಇನ್ನೊಂದು ಕುಟುಂಬಕ್ಕೆ ದೊರೆಯಲಿಲ್ಲ. ನಡುವೆ ಬದಲಾದದ್ದು ನಮ್ಮ ತಿಳಿವಳಿಕೆ ಮಾತ್ರ. ಮಗುವಿನ ಆರೈಕೆಯ ಅಗತ್ಯ ಎಳ್ಳಷ್ಟೂ ಬದಲಾಗಿಲ್ಲ. ಕಾರಣ ಲಸಿಕೆಯಲ್ಲ ಎಂದು ಗೊತ್ತಾದೊಡನೆ ಆ ಮಗುವನ್ನು ನೋಡಿಕೊಳ್ಳುವ ಸಮಾಜದ ಹೊಣೆ ತೀರಿತೆ? ಲಸಿಕೆಯ ಕಾನೂನು ಇದಕ್ಕೆ ಉತ್ತರಿಸಲಾರದು. ಅಂಗವಿಕಲ ಮಕ್ಕಳ ಆರೈಕೆಗೆ ಬೇರೆ ಆಸರೆ ಇಲ್ಲದ ಕಡೆ ನೊಂದ ಕುಟುಂಬಕ್ಕೆ ಕಾಣುವ ಬಾಗಿಲು ನ್ಯಾಯಾಲಯ ಒಂದೇ.

ನಮ್ಮಲ್ಲಿ

ಅಮೆರಿಕ ಮತ್ತು ಜಪಾನ್ ಪೂರ್ಣಕೋಶದ ಬದಲು ಬ್ಯಾಕ್ಟೀರಿಯದ ಆಯ್ದ ಪ್ರೋಟೀನುಗಳಿರುವ ಲಸಿಕೆಗೆ ಬದಲಾಯಿಸಿಕೊಂಡಿವೆ. ಅದರಿಂದ ಜ್ವರ ಕಡಿಮೆ, ಆದರೆ ರಕ್ಷಣೆ ಬೇಗ ಕುಂದುತ್ತದೆ. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಆರು, ಹತ್ತು, ಹದಿನಾಲ್ಕನೇ ವಾರಗಳಲ್ಲಿ ನೀಡುವ ಪಂಚಗುಣ ಲಸಿಕೆಯಲ್ಲಿ ಇರುವುದು ಪೂರ್ಣಕೋಶದ ಅಂಶವೇ. ಲಸಿಕೆಯ ನಂತರ ಗಂಭೀರ ತೊಂದರೆ ಕಂಡರೆ ಅದನ್ನು ವರದಿ ಮಾಡಿ, ರಾಜ್ಯ ಮತ್ತು ರಾಷ್ಟ್ರ ಮಟ್ಟದ ತಜ್ಞ ಸಮಿತಿಗಳು ಕಾರಣವನ್ನು ಪರಿಶೀಲಿಸುವ ವ್ಯವಸ್ಥೆ ನಮ್ಮಲ್ಲಿದೆ. ಲಸಿಕೆಯಿಂದ ಆದದ್ದು, ಕಾಕತಾಳೀಯ, ಅನಿಶ್ಚಿತ, ಮಾಹಿತಿ ಸಾಲದ್ದು ಎಂದು ಅವು ವರ್ಗೀಕರಿಸುತ್ತವೆ. ಇದು ಮೊದಲ ಪ್ರಶ್ನೆಗೆ ಉತ್ತರ. ಎರಡನೆಯ ಪ್ರಶ್ನೆ ಬಂದಾಗ, ಕೋವಿಡ್ ಲಸಿಕೆಯ ಸಂಬಂಧ 2022ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ ಕೇಂದ್ರ ಸರ್ಕಾರ, ಪರಿಹಾರ ಬೇಕಾದವರು ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು ಎಂಬ ನಿಲುವು ತಳೆಯಿತು. ಅಮೆರಿಕ 1986ರಲ್ಲಿ ಬಿಟ್ಟುಬಂದ ಹಾದಿ ಇದೇ.

ತರಗತಿಯಲ್ಲಿ ಲಸಿಕೆಯ ಪಾಠ ಮಾಡುವ ಶಿಕ್ಷಕರು ಈ ಇತಿಹಾಸವನ್ನೂ ಹೇಳಬಹುದು. ಲಸಿಕೆಯಿಂದ ಏನೂ ಆಗುವುದಿಲ್ಲ ಎಂದು ಹೇಳಿದರೆ ಮಕ್ಕಳು ಕಟ್ಟರ್ ಪ್ರಕರಣವನ್ನು ಬೇರೆಯವರಿಂದ ಕೇಳಿ ತಿಳಿಯುತ್ತಾರೆ, ಆಗ ಪಾಠದ ಮೇಲಿನ ನಂಬಿಕೆಯೇ ಹೋಗುತ್ತದೆ. ಲಸಿಕೆಯ ನಂತರ ಆದದ್ದೆಲ್ಲ ಲಸಿಕೆಯಿಂದಲೇ ಆಯಿತು ಎಂದು ಬಿಟ್ಟುಕೊಟ್ಟರೆ ಜಪಾನಿನ 41 ಸಾವುಗಳಂಥವು ಮರುಕಳಿಸುತ್ತವೆ. ಲೆಕ್ಕ ಹಾಕಿ ಕಾರಣ ಹುಡುಕುವುದನ್ನೂ, ಕಾರಣ ಸಿಗುವ ಮುನ್ನವೇ ನೊಂದವರ ಕೈ ಹಿಡಿಯುವುದನ್ನೂ ಒಟ್ಟಿಗೇ ಕಲಿಸಬೇಕಾಗಿದೆ.